ಓಣಂ ಬುಟ್ಟಿಗೆ ಬೇಸಗೆಯ ಬಿಸಿಲು: ಕೈಕಸುಬಿನ ಸಣ್ಣ ವ್ಯಾಪಾರದಲ್ಲಿ ದಾಸ್ತಾನಿನ ಲೆಕ್ಕ

ಕಳೆದ ವರ್ಷ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು, ಓಣಂನ ಮುಖ್ಯ ದಿನವಾದ ತಿರುವೋಣಂ ಸೆಪ್ಟೆಂಬರ್ 5ಕ್ಕೆ. ಈ ವರ್ಷ, ಅಂದರೆ 2026ರಲ್ಲಿ, ಓಣಂ ಆಗಸ್ಟ್ 26ಕ್ಕೇ ಇದೆ. ಚೌತಿ ಸೆಪ್ಟೆಂಬರ್ 14ಕ್ಕೆ. ಒಂದು ಹತ್ತು ದಿನ ಬೇಗ ಬಂತು, ಇನ್ನೊಂದು ಹದಿನೆಂಟು ದಿನ ತಡವಾಯಿತು. ಎರಡರ ಸರದಿಯೇ ಅದಲುಬದಲಾಗಿದೆ.

ಹಬ್ಬ ಆಚರಿಸುವವರಿಗೆ ಇದು ಕ್ಯಾಲೆಂಡರ್ ನೋಡಿದರೆ ಮುಗಿಯುವ ವಿಷಯ. ಕೇರಳದ ಗಡಿನಾಡು ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರದ ಕಡೆ ಮನೆಯಲ್ಲೇ ಕೂತು ಬುಟ್ಟಿ ಹೆಣೆಯುವ, ಅಡಿಕೆ ಹಾಳೆಯ ಬೀಸಣಿಗೆ ಮಾಡುವ, ಬಟ್ಟೆಯ ಚೀಲ ಹೊಲಿಯುವ ಕುಟುಂಬಗಳಿಗೆ ಹಾಗಲ್ಲ. ಕಳೆದ ವರ್ಷದ ತಾರೀಕು ನೆನಪಿಟ್ಟುಕೊಂಡು ಕೆಲಸ ಶುರುಮಾಡಿದರೆ ಓಣಂನ ಮಾಲು ಓಣಂ ಕಳೆದ ಮೇಲೆ ಅಂಗಡಿ ಸೇರುತ್ತದೆ.

ಇಂಥ ವ್ಯಾಪಾರಕ್ಕೆ ಈಚೆಗೆ ಹೊಸಬರೂ ಬರುತ್ತಿದ್ದಾರೆ. ಕೇರಳದಲ್ಲಿ 2020ರ ಜನವರಿ 1ರಿಂದ, ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದಿದೆ. ಹಾಳೆ, ಬಿದಿರು, ಬಟ್ಟೆಯ ವಸ್ತುಗಳನ್ನು ಹುಡುಕಿಕೊಂಡು ಬರುವವರಿದ್ದಾರೆ. ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀ ಘಟಕಗಳು ಓಣಂ ಸಂತೆಗಳಲ್ಲಿ ಮಳಿಗೆ ಇಡುತ್ತವೆ, ಮನೆಯಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವವರೂ ಇದ್ದಾರೆ. ಕೈಯಲ್ಲಿ ಕೆಲಸ ಇದೆ, ಕೊಳ್ಳುವವರೂ ಇದ್ದಾರೆ. ಎಷ್ಟು ಮಾಡಿಡಬೇಕು, ಯಾವಾಗ ಮಾಡಿಡಬೇಕು ಎಂಬಲ್ಲಿ ಮಾತ್ರ ಹೆಚ್ಚಿನವರಿಗೆ ತೊಡಕು. ಅದನ್ನು ಬುಡದಿಂದ ನೋಡೋಣ.

ಮಾಲು ಮೂರು ರೂಪದಲ್ಲಿ ಇರುತ್ತದೆ

ದಾಸ್ತಾನು ಎಂದ ಕೂಡಲೇ ಕಣ್ಣಿಗೆ ಬರುವುದು ಕಪಾಟಿನಲ್ಲಿ ಜೋಡಿಸಿಟ್ಟ ತಯಾರಿ ಮಾಲು. ಲೆಕ್ಕಕ್ಕೆ ಅದು ಮೂರನೆಯ ರೂಪ. ಮೊದಲನೆಯದು ಕಚ್ಚಾ ಮಾಲು: ತೋಟದಿಂದ ಹೆಕ್ಕಿ ತಂದ ಹಾಳೆ, ಕಡಿದು ತಂದ ಬಿದಿರು, ಥಾನು ಬಟ್ಟೆ. ಎರಡನೆಯದು ಅರೆ ತಯಾರಿ: ಅಳತೆಗೆ ಸೀಳಿ ಒಣಗಿಸಿದ ಬಿದಿರು, ನೆನೆಸಿ ಭಾರದ ಅಡಿಯಲ್ಲಿಟ್ಟು ಚಪ್ಪಟೆ ಮಾಡಿದ ಹಾಳೆ, ಕತ್ತರಿಸಿಟ್ಟ ಬಟ್ಟೆ. ಮೂರನೆಯದು ಮಾರಾಟಕ್ಕೆ ಸಿದ್ಧವಾದದ್ದು.

ಈ ವಿಂಗಡಣೆಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ನಡುವಿನದು. ಸೀಳಿ ಒಣಗಿಸಿಟ್ಟ ಬಿದಿರು ಇನ್ನೂ ಯಾವ ವಸ್ತುವೂ ಆಗಿಲ್ಲ. ಅದು ಓಣಂನ ಹೂಬುಟ್ಟಿಯಾಗಬಹುದು, ಅಡಿಕೆ ಕೊಯ್ಲಿನ ಹೆಡಿಗೆಯಾಗಬಹುದು, ಗೆರಸೆಯೂ ಆಗಬಹುದು. ಯಾವುದಕ್ಕೆ ಬೇಡಿಕೆ ಬರುತ್ತದೆಂದು ಗೊತ್ತಾಗುವ ತನಕ ಕೈ ತಡೆದಿಡಬಹುದು. ತಯಾರಾದ ಬುಟ್ಟಿಗೆ ಆ ಸ್ವಾತಂತ್ರ್ಯ ಇಲ್ಲ. ಹಾಗೆಯೇ, ಕೆಲಸದ ಬಹುಪಾಲು ಸಮಯ ಸೀಳುವುದಕ್ಕೂ ಹದಮಾಡುವುದಕ್ಕೂ ಹೋಗುವುದಾದರೆ, ಅದನ್ನು ಮುಗಿಸಿಟ್ಟವರಿಗೆ ಕೊನೆ ಗಳಿಗೆಯ ಆರ್ಡರ್ ಬಂದರೂ ಹಿಡಿಯಲು ಸಾಧ್ಯ. ನನ್ನ ಅಭಿಪ್ರಾಯದಲ್ಲಿ ಸಣ್ಣ ಘಟಕವೊಂದು ಮೊದಲು ಗಟ್ಟಿಮಾಡಬೇಕಾದದ್ದು ಈ ಅರೆ ತಯಾರಿ ದಾಸ್ತಾನನ್ನೇ.

ಬಿಸಿಲಿನ ಕಾಲ ಬೇರೆ, ಗಿರಾಕಿಯ ಕಾಲ ಬೇರೆ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಳ್ಳೆಯ ಒಣ ಹಾಳೆ ಸಿಗುವುದು ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಿಂದ ಮೇ ತಿಂಗಳ ತನಕ. ಮಳೆಯಲ್ಲಿ ಸೋಗೆಯೊಡನೆ ಕೆಳಗೆ ಬಿದ್ದ ಹಾಳೆ ಕೊಳೆಯಲು ಶುರುವಾಗುತ್ತದೆ. ಅದನ್ನು ತೊಳೆದರೂ ಕಲೆ ಉಳಿಯುತ್ತದೆ.

ಓಣಂ ಬರುವುದು ಮಾತ್ರ ಸಿಂಹ ಮಾಸದಲ್ಲಿ, ಆಟಿ ತಿಂಗಳ ಜಡಿಮಳೆ ಕಳೆದ ಬೆನ್ನಿಗೆ. ಚೌತಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಂದರೆ ವರ್ಷದ ಎರಡು ದೊಡ್ಡ ಮಾರಾಟದ ಕಾಲ ಎದುರಾಗುವಾಗ ಹಿಂದಿನ ಎರಡು ತಿಂಗಳಲ್ಲಿ ನೆಟ್ಟಗೆ ಬಿಸಿಲೇ ಬಿದ್ದಿರುವುದಿಲ್ಲ. ಹಾಗಾಗಿ ಓಣಂನ ಮಾಲಿಗೆ ಬೇಕಾದ ಒಣಗಿಸುವ ಕೆಲಸ ವಿಷು ಕಳೆದು ಪತ್ತನಾಜೆಯ ಒಳಗೆ, ಅಂದರೆ ಮೇ 24ರ ಒಳಗೆ ಮುಗಿಯಬೇಕು.

ಇದು ನಮ್ಮ ಮನೆಗಳಿಗೆ ಹೊಸ ಪಾಠವೇನಲ್ಲ. ಹಲಸಿನ ಹಪ್ಪಳ ಮಾಡುವ ಕ್ರಮ ಇದೇ. ಸೊಳೆ ಬೆಳೆಯುವುದು ಬೇಸಗೆಯಲ್ಲಿ, ಚಾಪೆ ಹಾಸಿ ಒಣಗಿಸುವುದು ಅದೇ ಬಿಸಿಲಿಗೆ, ಕರಿದು ತಿನ್ನುವುದು ಹೊರಗೆ ಕಾಲಿಡಲಾಗದ ಮಳೆಯಲ್ಲಿ. ಮೇ ತಿಂಗಳಲ್ಲೇ ಅಮ್ಮಂದಿರು ಮನೆಯಲ್ಲಿ ಎಷ್ಟು ಜನ, ಮಕ್ಕಳು ರಜೆಗೆ ಬರುತ್ತಾರೋ, ಮಗಳ ಮನೆಗೆ ಎಷ್ಟು ಕಟ್ಟು ಕೊಡಬೇಕು ಎಂದು ಎಣಿಸಿ ಹಪ್ಪಳ ಒತ್ತಿಸುತ್ತಾರೆ. ವ್ಯಾಪಾರದ ದಾಸ್ತಾನಿಗೂ ಬೇಕಾದದ್ದು ಈ ಎಣಿಕೆಯೇ. ತಿನ್ನುವವರ ಜಾಗದಲ್ಲಿ ಕೊಳ್ಳುವವರು ಇದ್ದಾರೆ ಎಂಬುದಷ್ಟೇ ವ್ಯತ್ಯಾಸ.

ತಾರೀಕುಗಳು ಓಡಾಡುವುದು ಏಕೆ

ಗಡಿನಾಡಿನ ಮಾರುಕಟ್ಟೆ ನಾಲ್ಕು ಬಗೆಯ ಕಾಲಗಣನೆಯ ಮೇಲೆ ನಿಂತಿದೆ. ಸೌರಮಾನದ ದಿನಗಳು ಹೆಚ್ಚು ಅಲುಗಾಡುವುದಿಲ್ಲ. ವಿಷು ಏಪ್ರಿಲ್ 14 ಅಥವಾ 15ಕ್ಕೆ, ತುಳುವರ ಬೇಸ ತಿಂಗಳ ಹತ್ತರ ಪತ್ತನಾಜೆ ಮೇ 24ರ ಆಸುಪಾಸಿಗೆ, ತೆಯ್ಯಂ ಎಂಬ ದೈವಾರಾಧನೆಯ ಕಾಲ ತೆರೆಯುವ ತುಲಾ ತಿಂಗಳ ಹತ್ತು ಅಕ್ಟೋಬರ್ ಕೊನೆಗೆ. ಇವುಗಳಿಗೆ ಒಮ್ಮೆ ಹಾಕಿದ ಯೋಜನೆ ಪ್ರತಿವರ್ಷ ನಡೆಯುತ್ತದೆ.

ಚೌತಿ, ನವರಾತ್ರಿ, ದೀಪಾವಳಿ ಚಾಂದ್ರಮಾನದವು. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆದ್ದರಿಂದ ಈ ಹಬ್ಬಗಳು ವರ್ಷವರ್ಷ ಸುಮಾರು ಹನ್ನೊಂದು ದಿನ ಬೇಗ ಬರುತ್ತಾ ಹೋಗುತ್ತವೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಇದನ್ನು ಸರಿದೂಗಿಸುತ್ತದೆ. ಆ ವರ್ಷ ಹಬ್ಬಗಳು ಒಮ್ಮೆಗೇ ಹದಿನೆಂಟು ಹತ್ತೊಂಬತ್ತು ದಿನ ತಡವಾಗುತ್ತವೆ. 2026ರ ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ. ಚೌತಿ ಸೆಪ್ಟೆಂಬರ್ ಮಧ್ಯಕ್ಕೂ, 2025ರಲ್ಲಿ ಅಕ್ಟೋಬರ್ 20ಕ್ಕೆ ಬಂದಿದ್ದ ದೀಪಾವಳಿ ನವೆಂಬರ್ 8ಕ್ಕೂ ಹೋದದ್ದು ಅದರಿಂದಲೇ. ಅಧಿಕ ಮಾಸದಲ್ಲಿ ಮದುವೆ ಇಟ್ಟುಕೊಳ್ಳದ ಮನೆಗಳೂ ಇರುವುದರಿಂದ, ಮದುವೆಗೆಂದು ಬೀಸಣಿಗೆ, ಹಾಳೆ ತಟ್ಟೆ ಮಾಡುವವರು ಮೇ ಕೊನೆಯ ಆರ್ಡರ್‌ಗಳನ್ನು ಈ ಸಲ ವಿಚಾರಿಸಿಕೊಂಡೇ ನಂಬುವುದು ಒಳ್ಳೆಯದು.

ಓಣಂನದು ಎರಡರ ನಡುವಿನ ದಾರಿ. ತಿಂಗಳು ಸೌರಮಾನದ್ದು, ಆಗಸ್ಟ್ 17ರ ಹೊತ್ತಿಗೆ ಆರಂಭವಾಗುವ ಸಿಂಹ, ಮಲಯಾಳದ ಚಿಙ್ಙಂ. ದಿನ ಗೊತ್ತಾಗುವುದು ಶ್ರವಣ ನಕ್ಷತ್ರದಿಂದ. ಹಾಗಾಗಿ ಅದು ಆ ಒಂದು ತಿಂಗಳ ಒಳಗೇ ಹಿಂದೆ ಮುಂದೆ ಆಡುತ್ತದೆ. ಅಧಿಕ ಮಾಸ ಚೌತಿಯನ್ನು ತಳ್ಳಿದ ಹಾಗೆ ಅದನ್ನು ತಳ್ಳುವುದಿಲ್ಲ. ಎರಡು ಹಬ್ಬಗಳ ಸರದಿ ಬದಲಾಗುವುದು ಈ ಕಾರಣಕ್ಕೆ. ಇನ್ನು ಈದ್‌ಗೆ ಅಧಿಕ ಮಾಸದ ಹೊಂದಾಣಿಕೆಯೇ ಇಲ್ಲ. ಕೇರಳದಲ್ಲಿ ಈದುಲ್ ಫಿತ್ರ್ 2024ರಲ್ಲಿ ಏಪ್ರಿಲ್ 10ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಹೀಗೆ ಪ್ರತಿವರ್ಷ ಹತ್ತು ಹನ್ನೊಂದು ದಿನ ಬೇಗ ಬರುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ.

ಹೊಸ ಪಂಚಾಂಗ ಕೈಗೆ ಬಂದ ದಿನವೇ ಈ ದಿನಗಳನ್ನೆಲ್ಲ ಒಂದೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಯೋಜನೆ ಆದಂತೆ.

ಮಾರುವ ದಿನದಿಂದ ಹಿಂದಕ್ಕೆ ಎಣಿಸುವುದು

ಲೆಕ್ಕ ಅರ್ಥವಾಗಲೆಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಬಿದಿರಿನ ಪುಟ್ಟ ಹೂಬುಟ್ಟಿ ಮಾಡುತ್ತಾರೆ. ಓಣಂಗೆ 110 ಬುಟ್ಟಿ ಬೇಕು, ಒಬ್ಬರು ದಿನಕ್ಕೆ ಆರು ಹೆಣೆಯುತ್ತಾರೆ ಎಂದಿಟ್ಟುಕೊಳ್ಳಿ. ಅಂಕೆಗಳು ಉದಾಹರಣೆಗೆ ಮಾತ್ರ. ನಿಮ್ಮ ಮನೆಯ ಅಂಕೆ ಹಾಕಿಕೊಂಡರಾಯಿತು.

ಹೂಬುಟ್ಟಿ ಮಾರಾಟವಾಗುವುದು ಓಣಂ ದಿನವಲ್ಲ. ಅಂಗಳದಲ್ಲಿ ಪೂಕಳಂ, ಅಂದರೆ ಹೂವಿನ ರಂಗೋಲಿ ಹಾಕಲು ತೊಡಗುವುದು ಅತ್ತಂ ನಕ್ಷತ್ರದಿಂದ, ತಿರುವೋಣಂಗೆ ಸುಮಾರು ಹತ್ತು ದಿನ ಮೊದಲು. ಅಂದರೆ ಈ ವರ್ಷ ಆಗಸ್ಟ್ ಮಧ್ಯಕ್ಕೆ. ಅಂಗಡಿಯವರು ಅದಕ್ಕಿಂತ ಹತ್ತು ದಿನ ಮುಂಚೆ ಮಾಲು ಕೇಳುತ್ತಾರೆ. ಹಾಗಾದರೆ ಆಗಸ್ಟ್ 5. ಅಂಚು ಕಟ್ಟಿ, ಬಣ್ಣ ಹಚ್ಚಿ, ಒಣಗಿಸಿ, ಕಟ್ಟು ಹಾಕಲು ಮಳೆಗಾಲದಲ್ಲಿ ಒಂದು ವಾರ ಬಿಡಿ, ಜುಲೈ 29. ಹೆಣಿಗೆಗೆ 110ನ್ನು ಆರರಿಂದ ಭಾಗಿಸಿದರೆ ಹತ್ತೊಂಬತ್ತು ದಿನದ ಕೆಲಸ. ಆದರೆ ತಿಂಗಳ ಮೂವತ್ತು ದಿನವೂ ಹೆಣೆಯಲು ಕೂರಲಾಗುವುದಿಲ್ಲ. ಜ್ವರ ಬರುತ್ತದೆ, ಕರೆಂಟು ಹೋಗುತ್ತದೆ, ನೆಂಟರಲ್ಲಿ ಕಾರ್ಯಕ್ರಮ ಇರುತ್ತದೆ, ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮನೆಯವರೆಲ್ಲ ಅಲ್ಲೇ. ಹತ್ತೊಂಬತ್ತು ದಿನದ ಕೆಲಸಕ್ಕೆ ಪೂರ್ತಿ ಒಂದು ತಿಂಗಳು ಹಿಡಿಯಬೇಕು. ಅಲ್ಲಿಗೆ ಜೂನ್ 29. ಆ ದಿನ ಕೈಯಲ್ಲಿ ಒಣಗಿದ ಸೀಳು ಇರಬೇಕು. ಜೂನ್ ತಿಂಗಳಲ್ಲಿ ಒಣಗಿಸಲು ಬಿಸಿಲಿಲ್ಲ. ಆದ್ದರಿಂದ ನಿಜವಾದ ಗಡುವು ಮೇ 24, ಪತ್ತನಾಜೆ.

ಆಗಸ್ಟ್ 26ರ ಹಬ್ಬಕ್ಕೆ ಮೇ 24ರ ಗಡುವು! ಮೂರು ತಿಂಗಳ ಅಂತರ. ಜುಲೈಯಲ್ಲಿ "ಓಣಂಗೆ ಇನ್ನೂ ಟೈಮಿದೆ" ಅನ್ನಿಸಿದರೂ, ಬಿದಿರು ಹದಮಾಡುವ ಕಾಲ ಆಗಲೇ ಕಳೆದಿರುತ್ತದೆ.

ಇಲ್ಲೊಂದು ಆಯ್ಕೆ ಇದೆ. ಬುಟ್ಟಿಗಳನ್ನೇ ಬೇಸಗೆಯಲ್ಲಿ ಪೂರ್ತಿ ಹೆಣೆದು ಮುಗಿಸಬಹುದು. ಆಗ ಒಣಗಿಸುವ ತಲೆಬಿಸಿ ಇಲ್ಲ, ಆದರೆ ಮಳೆಗಾಲ ಪೂರ್ತಿ ಕಾಪಾಡಬೇಕು, ಜಾಗವೂ ಬೇಕು. ಸೀಳಾಗಿ ಇಟ್ಟರೆ ಜಾಗ ಕಡಿಮೆ ಸಾಕು. ಆದರೆ ಬಾಗಿಸಲು ಅದನ್ನು ಮತ್ತೆ ನೀರು ತಾಗಿಸಿ ಮೆದು ಮಾಡಬೇಕು, ಹೆಣೆದದ್ದನ್ನು ಒಲೆಯ ಮೇಲಿನ ಅಟ್ಟದಲ್ಲೋ ಫ್ಯಾನಿನ ಕೆಳಗೋ ಒಣಗಿಸಬೇಕು. ಖಚಿತ ಆರ್ಡರ್ ಇದ್ದಷ್ಟನ್ನು ಬೇಸಗೆಯಲ್ಲೇ ಮುಗಿಸಿ, ಅಂದಾಜಿನದ್ದನ್ನು ಸೀಳಾಗಿ ಇಡುವುದು ಎರಡಕ್ಕೂ ಹೊಂದುವ ದಾರಿ.

ಎಷ್ಟು ಮಾಡಬೇಕು

ಹಿಂದಿನ ವರ್ಷಗಳ ಮಾರಾಟವೇ ಇದಕ್ಕೆ ಆಧಾರ. ಅದರಲ್ಲೊಂದು ಸೂಕ್ಷ್ಮ ಇದೆ. 90 ಬುಟ್ಟಿ ಇಟ್ಟು 90ನ್ನೂ ಮಾರಿದಿರಿ ಎಂದಾದರೆ ಬೇಡಿಕೆ 90 ಇತ್ತೆಂದು ಅರ್ಥವಲ್ಲ. ಕಡಿಮೆಯೆಂದರೆ 90 ಇತ್ತು, ಅಷ್ಟೇ. ಖಾಲಿಯಾದ ಮೇಲೆ ಎಷ್ಟು ಜನ ಕೇಳಿಕೊಂಡು ಬಂದು ಹಾಗೇ ಹೋದರು ಎಂಬುದನ್ನೂ ಬರೆದಿಡಬೇಕು. ಪುಸ್ತಕದಲ್ಲಿ ಮೂರು ಕಲಮು ಸಾಕು: ಇಟ್ಟದ್ದು, ಮಾರಿದ್ದು, ಇಲ್ಲವೆಂದು ಕಳಿಸಿದ್ದು. ಯಾವ ದಿನ ಖಾಲಿಯಾಯಿತು ಎಂದು ಪಕ್ಕದಲ್ಲಿ ಬರೆದರೆ ಇನ್ನೂ ಒಳ್ಳೆಯದು.

ಬೇಡಿಕೆ ಪ್ರತಿವರ್ಷ ಒಂದೇ ಇರುವುದಿಲ್ಲ. ಆರು ಓಣಂಗಳಲ್ಲಿ 70, 80, 90, 100, 110, 140 ಬುಟ್ಟಿಗೆ ಬೇಡಿಕೆ ಇತ್ತು ಎಂದುಕೊಳ್ಳೋಣ. ಸರಾಸರಿ 98. ಹಾಗಾದರೆ 98 ಮಾಡಿದರೆ ಸರಿಯೇ? ಅಲ್ಲ. ಕಡಿಮೆಯಾದರೆ ಎಷ್ಟು ನಷ್ಟ, ಉಳಿದರೆ ಎಷ್ಟು ನಷ್ಟ ಎಂಬುದನ್ನು ಮೊದಲು ತೂಗಿ ನೋಡಬೇಕು.

ಒಂದು ಬುಟ್ಟಿಗೆ ಸಾಮಗ್ರಿ 30 ರೂಪಾಯಿ, ಕೂಲಿ 50 ರೂಪಾಯಿ, ಒಟ್ಟು 80. ಮಾರುವ ಬೆಲೆ 130. ಗಿರಾಕಿ ಬಂದಾಗ ಬುಟ್ಟಿ ಇಲ್ಲವಾದರೆ ಕೈತಪ್ಪುವುದು 50 ರೂಪಾಯಿ. ಹಬ್ಬ ಕಳೆದು ಉಳಿದ ಬುಟ್ಟಿಯನ್ನು 70ಕ್ಕೆ ಕೊಟ್ಟರೆ ಕಳೆದುಕೊಳ್ಳುವುದು 10 ರೂಪಾಯಿ. 50ಕ್ಕೆ 10ರ ಅನುಪಾತ. ಎರಡೂ ಸೇರಿದ 60ರಲ್ಲಿ 50, ಅಂದರೆ ಆರರಲ್ಲಿ ಐದು. ಆರು ವರ್ಷಗಳಲ್ಲಿ ಐದು ವರ್ಷ ಸಾಲುವಷ್ಟು ಮಾಡಬೇಕು ಎಂದು ಇದರ ತಾತ್ಪರ್ಯ. ಮೇಲಿನ ಪಟ್ಟಿಯಲ್ಲಿ ಅದು 110. 140 ಬೇಡಿಕೆ ಬಂದ ವರ್ಷ ಮಾತ್ರ ಕೊರತೆಯಾಗುತ್ತದೆ, ಆಗಲಿ.

ಇನ್ನು ಕೇದಗೆ ಜಾತಿಯ ಮುಂಡೇವಿನ ಎಲೆಯಿಂದ ಮಾಡುವ, ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆ ಕೊಟ್ಟೆಗಳನ್ನು ನೋಡಿ. ಎಲೆಯ ಎರಡು ಅಂಚಿನ ಮುಳ್ಳನ್ನೂ ನಡುನರದ ಬೆನ್ನಿನ ಮುಳ್ಳನ್ನೂ ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯ ಹಾಗೆ ಸುತ್ತಿ ಕಡ್ಡಿ ಚುಚ್ಚುವ ಕೆಲಸ ಅದು. ಅಷ್ಟಮಿ, ಚೌತಿಯ ಮುಂಚಿನ ಎರಡು ದಿನ ಪೇಟೆಯಲ್ಲಿ ಅದಕ್ಕೆ ಬೇಡಿಕೆ. ಹಬ್ಬ ಮುಗಿದ ಮರುದಿನ ಅದನ್ನು ಕೇಳುವವರಿಲ್ಲ. ಒಂದಕ್ಕೆ ಖರ್ಚು 3 ರೂಪಾಯಿ, ಬೆಲೆ 5 ಎಂದಾದರೆ ಕೊರತೆಯ ನಷ್ಟ 2, ಉಳಿದರೆ ನಷ್ಟ ಪೂರ್ತಿ 3. ಐದರಲ್ಲಿ ಎರಡು, ಅಂದರೆ ಐದು ವರ್ಷಗಳಲ್ಲಿ ಎರಡು ವರ್ಷ ಸಾಲುವಷ್ಟು. ಐದು ವರ್ಷದ ಬೇಡಿಕೆ 300, 350, 400, 450, 600 ಇದ್ದರೆ ಸರಾಸರಿ 420 ಬರುತ್ತದೆ, ಆದರೆ ಮಾಡಬೇಕಾದದ್ದು 350. ಅದಕ್ಕಿಂತ ಮೇಲಿನದ್ದನ್ನು ಮುಂಗಡ ಹಣ ಕೊಟ್ಟವರಿಗೆ ಮಾತ್ರ ಮಾಡಿಕೊಡುವುದು.

ಕೈಕೆಲಸ ಒಂದೇ ಮನೆಯದ್ದು, ಹಬ್ಬವೂ ಒಂದೇ ಕಾಲದ್ದು. ಆದರೂ ಒಂದನ್ನು ಸರಾಸರಿಗಿಂತ ಹೆಚ್ಚು, ಇನ್ನೊಂದನ್ನು ಸರಾಸರಿಗಿಂತ ಕಡಿಮೆ ಮಾಡಬೇಕಾಗುತ್ತದೆ. ಎಲ್ಲ ವಸ್ತುವಿಗೂ "ಕಳೆದ ಸಲಕ್ಕಿಂತ ಹತ್ತು ಜಾಸ್ತಿ ಇರಲಿ" ಎನ್ನುವ ರೂಢಿ ದುಡ್ಡು ತಿನ್ನುವುದು ಇಲ್ಲೇ.

ಉಳಿದ ಮಾಲಿನ ಬೆಲೆ ಗಡಿನಾಡಿನಲ್ಲಿ ಇನ್ನೊಂದು ಸಂಗತಿಯನ್ನೂ ಅವಲಂಬಿಸಿದೆ. ತೆಂಕಕ್ಕೆ ನೀಲೇಶ್ವರ, ಕಣ್ಣೂರಿನ ಕಡೆ ಓಣಂ, ವಿಷು ದೊಡ್ಡವು. ಬಡಗಕ್ಕೆ ಮಂಗಳೂರಿನಲ್ಲಿ ಚೌತಿ, ದಸರಾ, ದೀಪಾವಳಿ. ಈ ವರ್ಷ ಓಣಂ ಕಳೆದು ಹತ್ತೊಂಬತ್ತು ದಿನಕ್ಕೆ ಚೌತಿ. ತೆಂಕಿನಲ್ಲಿ ಉಳಿದ ಹೂಬುಟ್ಟಿಯನ್ನು ಬಡಗಿಗೆ ಸಾಗಿಸಲು ಸಮಯವಿದೆ, 70ರ ಬದಲು 100 ಸಿಕ್ಕೀತು. ಹಾಗೆ ಸಿಗುವುದಾದರೆ ಉಳಿಕೆಯ ನಷ್ಟವೇ ಇಲ್ಲ, ಇನ್ನೂ ಹೆಚ್ಚು ಮಾಡುವ ಧೈರ್ಯ ಮಾಡಬಹುದು. ಕಳೆದ ವರ್ಷ ಚೌತಿಯೇ ಮೊದಲು ಬಂದಿದ್ದರಿಂದ ಈ ಅನುಕೂಲ ಇರಲಿಲ್ಲ.

ಮಳೆಯಲ್ಲಿ ಕಾಪಾಡುವುದು

ಬೂಷ್ಟು ಬರುವುದು ಹೊರಗಿನ ತೇವದಿಂದ ಎಂದು ನಾವೆಲ್ಲ ಬೈಯುವುದು ಮಳೆಯನ್ನು. ಬಹಳ ಸಲ ಅದಕ್ಕೆ ಬೇಕಾದ ತೇವ ವಸ್ತುವಿನ ಒಳಗೇ ಉಳಿದಿರುತ್ತದೆ. ಹಾಳೆಯ ಬೀಸಣಿಗೆಯ ಒಳಮೈ ಕೆನೆಬಣ್ಣದ್ದು, ನುಣುಪು. ಚೆನ್ನಾಗಿ ಒಣಗಿದ್ದನ್ನು ಬೆರಳಲ್ಲಿ ತಟ್ಟಿದರೆ ಟಕ್ ಎಂದು ಒಣಸದ್ದು ಬರುತ್ತದೆ. ಪಸೆ ಇದ್ದರೆ ಸದ್ದು ಮಂದ, ಬುಡದ ದಪ್ಪ ಭಾಗ ಮುಟ್ಟಿದಾಗ ತಣ್ಣಗೆ. ಅಂಥದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿದರೆ ಮೊದಲು ಬೂದುಬಣ್ಣದ ಚುಕ್ಕೆ ಕಾಣುತ್ತದೆ, ಆಮೇಲೆ ಕಪ್ಪು ಕಲೆ. ಚುಕ್ಕೆಯನ್ನು ಒಣಬಟ್ಟೆಯಲ್ಲಿ ಒರೆಸಬಹುದು. ಕಲೆ ಹೋಗುವುದಿಲ್ಲ, ಆ ಬೀಸಣಿಗೆ ಮತ್ತೆ ಮಾರಾಟಕ್ಕೆ ಆಗುವುದಿಲ್ಲ.

ಒಣಗಿತೋ ಇಲ್ಲವೋ ತಿಳಿಯಲು ತಕ್ಕಡಿ ಸಾಕು. ಒಂದು ಕಟ್ಟನ್ನು ದಿನಾ ಸಂಜೆ ತೂಗಿ ಬರೆಯಿರಿ. ತೂಕ ಇಳಿಯುತ್ತಿರುವ ತನಕ ನೀರು ಹೋಗುತ್ತಿದೆ. ಬಿಸಿಲಿಗೆ ಹಾಕಿಯೂ ಎರಡು ದಿನ ಒಂದೇ ತೂಕ ತೋರಿಸಿದರೆ ಒಣಗಿದೆ. ಆಮೇಲೆ ನೆಲಕ್ಕೂ ಗೋಡೆಗೂ ತಾಗದ ಹಾಗೆ ಮರದ ಹಲಗೆಯ ಮೇಲಿಟ್ಟು, ಮಳೆ ಬಿಟ್ಟ ದಿನ ತೆರೆದು ನೋಡುತ್ತಿರಬೇಕು.

ಬಿದಿರಿಗೆ ಬೂಷ್ಟಿಗಿಂತ ಕುಟ್ಟೆ ಹುಳುವಿನ ಕಾಟ ಹೆಚ್ಚು. ಹುಳುವಿಗೆ ಬೇಕಾದದ್ದು ಬಿದಿರೊಳಗಿನ ಪಿಷ್ಟ. ಕಡಿದ ಬಿದಿರನ್ನು ಹೊಳೆಯಲ್ಲೋ ಕೆರೆಯಲ್ಲೋ ಮುಳುಗಿಸಿಡುವ ಹಳೆಯ ಕ್ರಮದಲ್ಲಿ ಆ ಪಿಷ್ಟವೂ ಸಕ್ಕರೆಯೂ ಕಡಿಮೆಯಾಗುತ್ತವೆ. ತೆಗೆದಿಟ್ಟ ಸೀಳಿನ ಕೆಳಗೆ ಗೋಧಿಹಿಟ್ಟಿನಂಥ ನಯವಾದ ಪುಡಿ ಬಿದ್ದಿದ್ದರೆ ಹುಳು ಸೇರಿದೆ ಎಂದರ್ಥ. ಆ ಕಟ್ಟನ್ನು ಕೂಡಲೇ ಬೇರೆ ಇಡಬೇಕು.

ಕಟ್ಟಿಹೋದ ದುಡ್ಡು

110 ಬುಟ್ಟಿಗೆ ಸಾಮಗ್ರಿಯೇ 3300 ರೂಪಾಯಿ. ಕೂಲಿಯೂ ಸೇರಿದರೆ 8800. ಮೇ ತಿಂಗಳಲ್ಲಿ ಹಾಕಲು ಶುರುಮಾಡಿದ ಈ ದುಡ್ಡು ಸೆಪ್ಟೆಂಬರ್‌ಗೆ ಮೊದಲು ಪೂರ್ತಿ ತಿರುಗಿ ಬರುವುದಿಲ್ಲ. ನಡುವೆ ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಮನೆಗೆ ಹಣ ಬೇಕಾಗುವುದು ಆಗಲೇ. ದಾಸ್ತಾನು ಹೆಚ್ಚಿಸುವ ಮುಂಚೆ ಈ ನಾಲ್ಕು ತಿಂಗಳ ಮನೆಖರ್ಚು ಬೇರೆ ಇದೆಯೇ ಎಂದು ನೋಡಿಕೊಳ್ಳಬೇಕು. ಮನೆಯವರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ "30 ರೂಪಾಯಿಯ ಬುಟ್ಟಿ" ಎಂದುಕೊಳ್ಳುವವರು 70ಕ್ಕೆ ಕೊಟ್ಟಾಗ 40 ಲಾಭವೆಂದು ಭಾವಿಸುತ್ತಾರೆ. ನಿಜವಾಗಿ ಹೆಣೆದ ಹೆಂಗಸಿನ ದುಡಿಮೆಯಲ್ಲಿ 10 ರೂಪಾಯಿ ಕಡಿತವಾಗಿರುತ್ತದೆ.

ಅಂಗಡಿಯವರು ಕೆಲವರು ರೊಕ್ಕ ಕೊಟ್ಟು ಕೊಳ್ಳುತ್ತಾರೆ, ಕೆಲವರು ಮಾರಿದ ಮೇಲೆ ಕೊಡುತ್ತೇವೆ ಎನ್ನುತ್ತಾರೆ. ಎರಡನೆಯದರಲ್ಲಿ ಮಾಲು ಅಲ್ಲಿದ್ದರೂ ದಾಸ್ತಾನು ನಿಮ್ಮದೇ, ಒದ್ದೆಯಾದರೆ ನಷ್ಟವೂ ನಿಮ್ಮದೇ. ಕೊಟ್ಟ ಸಂಖ್ಯೆ, ದರ, ಲೆಕ್ಕ ತೀರಿಸುವ ತಾರೀಕು ಬರೆದ ಎರಡು ಚೀಟಿ ಮಾಡಿ ಒಂದಕ್ಕೆ ಸಹಿ ಹಾಕಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಸಾಲ ಬೇಕಾದವರಿಗೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಬುಟ್ಟಿ, ಚಾಪೆ, ಪೊರಕೆ ಮಾಡುವವರೂ ಕುಂಬಾರರೂ ಅದರ 18 ಕಸುಬುಗಳ ಪಟ್ಟಿಯಲ್ಲಿ ಇದ್ದಾರೆ. ಮೊದಲ ಕಂತು 1 ಲಕ್ಷ ರೂಪಾಯಿ ತನಕ 18 ತಿಂಗಳಿಗೆ, ಎರಡನೆಯದು 2 ಲಕ್ಷದ ತನಕ 30 ತಿಂಗಳಿಗೆ, ಬಡ್ಡಿ ಶೇ. 5.

ತಲಪಾಡಿ ದಾಟುವ ಮೊದಲು

ಮಾಲು ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದಾದರೆ ಕಾಗದದ ಕೆಲಸವೂ ಯೋಜನೆಯ ಭಾಗ. ತೆರಿಗೆ ಇರುವ ಸರಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವವರು ವಹಿವಾಟು ಸಣ್ಣದಾದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ಸಾಮಾನ್ಯ ನಿಯಮ. ಅಧಿಸೂಚನೆಯ ಪಟ್ಟಿಯಲ್ಲಿರುವ ಕೈಕಸುಬಿನ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಇದೆ: ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ನೋಂದಣಿ ಬೇಡ. ಆದರೆ ಪಾನ್ ಇರಬೇಕು, ಸರಕು ಸಾಗಣೆಯ ಆನ್‌ಲೈನ್ ಚೀಟಿಯಾದ ಇ-ವೇ ಬಿಲ್ ಮಾಡಿಸಬೇಕು. ಉಳಿದ ಸರಕಿಗೆ ಇ-ವೇ ಬಿಲ್‌ಗೆ 50,000 ರೂಪಾಯಿಯ ಮಿತಿ ಇದ್ದರೂ, ಈ ವಿನಾಯಿತಿ ಪಡೆದು ಗಡಿ ದಾಟಿಸುವ ಕೈಕಸುಬಿನ ಮಾಲಿಗೆ ಆ ಮಿತಿ ಅನ್ವಯಿಸುವುದಿಲ್ಲ. ಮೌಲ್ಯ ಎಷ್ಟೇ ಇರಲಿ ಬಿಲ್ ಬೇಕು. ನೀವು ಮಾಡುವ ವಸ್ತು ಆ ಪಟ್ಟಿಯಲ್ಲಿ ಇದೆಯೇ ಎಂದು ಲೆಕ್ಕಪತ್ರ ನೋಡುವವರ ಹತ್ತಿರ ಮೇ ತಿಂಗಳಲ್ಲೇ ಒಮ್ಮೆ ಕೇಳಿಟ್ಟುಕೊಂಡರೆ, ಚೌತಿಯ ವಾರ ಮಾಲು ತುಂಬಿದ ಗಾಡಿಯನ್ನು ನಿಲ್ಲಿಸಿಕೊಂಡು ಓಡಾಡಬೇಕಾಗುವುದಿಲ್ಲ.